ಮೂತ್ರ ಆಮ್ಲೀಯವಾಗಲೆಂದು ಮಾತ್ರೆ ನುಂಗುವ ಮುನ್ನ

ಬೆನ್ನುಹುರಿಗೆ ಪೆಟ್ಟಾಗಿ ಮೂತ್ರಕೋಶ ತಾನಾಗಿ ಖಾಲಿಯಾಗದವರಿಗೆ ಸೋಂಕು ಪದೇ ಪದೇ ಕಾಡುತ್ತದೆ. 'ವಿಟಮಿನ್ ಸಿ ತಗೊಳ್ಳಿ, ಮೂತ್ರ ಆಸಿಡ್ ಆಗುತ್ತೆ, ಕೀಟಾಣು ಸಾಯುತ್ತೆ' ಎಂದು ಯಾರಾದರೂ ಹೇಳಿಯೇ ಇರುತ್ತಾರೆ. ನಂಬುವ ಮೊದಲು ಅಳೆದು ನೋಡೋಣ. ಭಯಪಡಬೇಡಿ, ಸೂಜಿ ಚುಚ್ಚುವ ಕೆಲಸವೇನಿಲ್ಲ.

1. ಮೊದಲು ಡಾಕ್ಟರನ್ನು ಕೇಳಿ. ಹಿಂದೆ ಕಿಡ್ನಿ ಕಲ್ಲಾಗಿದ್ದರೆ ಮರೆಯದೆ ಹೇಳಿ. ಹೆಚ್ಚಾದ ವಿಟಮಿನ್ ಸಿ ಮೈಯೊಳಗೆ ಆಕ್ಸಲೇಟ್ ಆಗಿ ಕಲ್ಲಿಗೆ ದಾರಿ ಮಾಡುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರು, ಇದೇ ಸೋಂಕಿಗೆಂದು ಹೇಳುವ ಕ್ರ್ಯಾನ್‌ಬೆರಿ ವಿಷಯವನ್ನೂ ಕೇಳಿಕೊಳ್ಳಿ.

2. ಮೆಡಿಕಲ್ ಶಾಪಿನಲ್ಲಿ ಪಿಎಚ್ ಸ್ಟ್ರಿಪ್ ಕೊಳ್ಳಿ. ಡಬ್ಬಿಯ ಮೇಲಿನ ಬಣ್ಣದ ಪಟ್ಟಿಯಲ್ಲಿ 5ರಿಂದ 8ರವರೆಗಿನ ಅಂಕಿಗಳಿರಬೇಕು. ಅಂಕಿ ಚಿಕ್ಕದಾದಷ್ಟೂ ಆಮ್ಲ ಹೆಚ್ಚು.

3. ಬೆಳಿಗ್ಗೆ ಮೂತ್ರ ಹೊರತರುವ ನಳಿಕೆಯಾದ ಕ್ಯಾತಿಟರ್‌ನಿಂದ ಬಂದ ತಾಜಾ ಮೂತ್ರವನ್ನು ಶುಭ್ರ ಕಪ್ಪಿನಲ್ಲಿ ಹಿಡಿಯಿರಿ. ಬ್ಯಾಗಿನಲ್ಲಿ ನಿಂತದ್ದು ಬೇಡ! ಹೊಸಬರು ಎಡವುವುದು ಇಲ್ಲೇ. ನಿಂತಷ್ಟೂ ಅದರ ಪಿಎಚ್ ಏರುತ್ತದೆ.

4. ಸ್ಟ್ರಿಪ್ ಅದ್ದಿ, ತೆಗೆಯಿರಿ. ಡಬ್ಬಿಯಲ್ಲಿ ಹೇಳಿದಷ್ಟು ಸೆಕೆಂಡ್ ಕಾದು, ಬೆಳಕಿನಲ್ಲಿ ಬಣ್ಣ ಹೋಲಿಸಿ.

5. ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮಾತ್ರೆ ಶುರು ಮಾಡದೆಯೇ ಕೆಲವು ದಿನ ಇದೇ ಹೊತ್ತಿಗೆ ನೋಡಿ. ದಿನವೂ 8ರ ಆಸುಪಾಸಿನಲ್ಲೇ ಇದ್ದು, ಕ್ಯಾತಿಟರ್ ಒಳಗೆ ಮರಳಿನಂಥ ಪುಡಿ ಕಟ್ಟುತ್ತಿದ್ದರೆ ಪ್ರೋಟಿಯಸ್‌ನಂಥ ಬ್ಯಾಕ್ಟೀರಿಯಾ ಯೂರಿಯಾ ಒಡೆದು ಅಮೋನಿಯಾ ಮಾಡುತ್ತಿರಬಹುದು. ಅದಕ್ಕೆ ವಿಟಮಿನ್ ಸಾಲದು, ಡಾಕ್ಟರಿಗೆ ತಿಳಿಸಿ.

6. ಡಾಕ್ಟರ್ ಒಪ್ಪಿದರೆ ಅವರು ಹೇಳಿದಷ್ಟೇ ವಿಟಮಿನ್ ಸಿ ತೆಗೆದುಕೊಂಡು ಮತ್ತೆ ಅಳೆಯಿರಿ. ಅಂಕಿ ಕದಲದಿದ್ದರೆ ಬೇಸರ ಬೇಡ, ಹಲವರಲ್ಲಿ ಕದಲುವುದೇ ಇಲ್ಲ. ಆಗ ಡೋಸ್ ಏರಿಸಬೇಡಿ. ಪುಸ್ತಕ ತೋರಿಸಿ, ನಿಲ್ಲಿಸುವ ಮಾತಾಡಿ. ಕ್ರ್ಯಾನ್‌ಬೆರಿ ಕ್ಯಾಪ್ಸೂಲ್‌ನ ಕಥೆಯೂ ಹೆಚ್ಚುಕಡಿಮೆ ಇದೇ, ದುಡ್ಡು ಮಾತ್ರ ಜಾಸ್ತಿ. ಆಮ್ಲ ನಿಜಕ್ಕೂ ಬೇಕಾಗುವುದು ಮೆಥೆನಮೈನ್ ನುಂಗುವವರಿಗೆ: ಪಿಎಚ್ 6ಕ್ಕಿಂತ ಕೆಳಗಿದ್ದರೆ ಆ ಔಷಧಿ ಚೆನ್ನಾಗಿ ಒಡೆದು ಕೀಟಾಣು ಕೊಲ್ಲುವ ಫಾರ್ಮಾಲ್ಡಿಹೈಡ್ ಬಿಡುತ್ತದೆ.

7. ಹೀಗೆ ಅಳೆಯುವ ದಿನಗಳಲ್ಲಿ ನಿಂಬೆ ಶರಬತ್ತನ್ನು ನೆಚ್ಚಬೇಡಿ. ನಾಲಿಗೆಗೆ ಹುಳಿಯಾದರೂ ಅದರ ಸಿಟ್ರೇಟ್ ಮೂತ್ರವನ್ನು ಕ್ಷಾರದ ಕಡೆಗೇ ಎಳೆಯುತ್ತದೆ. ಉರಿಮೂತ್ರಕ್ಕೆ ಕೊಡುವ ಆಲ್ಕಲೈಸರ್ ಸಿರಪ್ಪೂ ಹಾಗೆಯೇ.

8. ಲ್ಯಾಬಿಗೆ ಹೋದಾಗ ವಿಟಮಿನ್ ಸಿ ತೆಗೆದುಕೊಳ್ಳುತ್ತಿರುವುದನ್ನು ತಿಳಿಸಿ. ಡಿಪ್‌ಸ್ಟಿಕ್‌ನಲ್ಲಿ ಸಕ್ಕರೆ, ರಕ್ತ, ನೈಟ್ರೈಟ್ ಇದ್ದೂ ಇಲ್ಲವೆಂದು ತೋರಬಹುದು.

ಜ್ವರ, ಚಳಿನಡುಕ, ಮೂತ್ರದಲ್ಲಿ ರಕ್ತ ಕಂಡರೆ ಸ್ಟ್ರಿಪ್ ಬದಿಗಿಟ್ಟು ಅಂದೇ ಆಸ್ಪತ್ರೆಗೆ ಹೊರಡಿ.