ಹಳೆ ಆಟಿಕೆ ಮಾರಿ ಕಲಿತದ್ದು

ಬಿ.ಸಿ. ರೋಡಿನ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಮೂರು ಕಬ್ಬಿಣದ ರ‍್ಯಾಕು, ಹೊರಗೊಂದು ನಲ್ಲಿ, ಓಡಾಡಲು ಸ್ಕೂಟರ್. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿನ ಮನೆಗಳಿಂದ ಹಳೆ ಆಟಿಕೆ ಕೊಂಡು, ತೊಳೆದು, ಸರಿಮಾಡಿ ಮಾರುತ್ತೇನೆ. ಒಂಬತ್ತು ವರ್ಷವಾಯಿತು. ಈ ಕೆಲಸಕ್ಕೆ ಇಳಿಯಬೇಕೆಂದು ಆಗಾಗ ಯಾರಾದರೂ ಕೇಳಿಕೊಂಡು ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಮಾಲು ಬರುವುದು ಮಳೆಗಾಲದಲ್ಲಿ, ದುಡ್ಡು ಬರುವುದು ಬಿಸಿಲು ಬಿದ್ದ ಮೇಲೆ. ಗಲ್ಫಿನ ಶಾಲೆಗಳಿಗೆ ಜುಲೈ, ಆಗಸ್ಟಿನಲ್ಲಿ ರಜೆ. ಆಗ ಊರಿಗೆ ಬಂದವರು ಅಟ್ಟ ಹತ್ತಿ ನೋಡುತ್ತಾರೆ: ನಾಲ್ಕು ವರ್ಷದ ಹಿಂದೆ ತಂದಿಟ್ಟ ಸೈಕಲ್, ಕಾರು, ಗೊಂಬೆಮನೆ. ಮಗು ಬೆಳೆದಾಗಿದೆ, ವಿಮಾನದ ಲಗೇಜಿನಲ್ಲಿ ಜಾಗವಿಲ್ಲ, ಅಜ್ಜಿಗೆ ಅಟ್ಟ ಖಾಲಿಯಾಗಬೇಕು. ಮೂಡುಬಿದಿರೆಯಲ್ಲಿ ಹಾಗಲ್ಲ. ಅಲ್ಲಿ ಕಾಲೇಜುಗಳ ಸುತ್ತ ಬಾಡಿಗೆಗೆ ಇರುವ ಸಂಸಾರಗಳು ಏಪ್ರಿಲ್, ಮೇ ತಿಂಗಳಲ್ಲಿ ಮನೆ ಬದಲಿಸುವಾಗ ಸಿಗುತ್ತದೆ. ಎರಡೂ ಸೀಸನ್ನಿಗೆ ಕೈಯಲ್ಲಿ ದುಡ್ಡಿರಬೇಕು. ಆಗಸ್ಟಿನಲ್ಲಿ ಹಾಕಿದ ಬಂಡವಾಳ ನನಗೆ ತಿರುಗಿ ಬರುವುದು ದೀಪಾವಳಿಯ ನಂತರವೇ.

2. ಆಟಿಕೆ ಕೊಡುವವರ ಮನೆಯಲ್ಲಿ ‘ಗುಜರಿ’ ಎಂಬ ಮಾತು ಬಾಯಿಗೆ ಬರಬಾರದು. ಗುಜರಿಯವರು ಪ್ಲಾಸ್ಟಿಕ್ಕನ್ನು ಕಿಲೋ ಲೆಕ್ಕದಲ್ಲಿ ತೂಗುತ್ತಾರೆ. ಅದು ಅವರ ಕಸುಬು. ನಾವು ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿ ಬೆಲೆ ಹೇಳಬೇಕು. ಪಾಣೆಮಂಗಳೂರು ಕಡೆಯ ಒಂದು ಮನೆಯಲ್ಲಿ ಬಾಯಮ್ಮ ಒಬ್ಬರು ಮೂರು ಚಕ್ರದ ಸೈಕಲನ್ನು ಅಂಗಳಕ್ಕೆ ತಂದು, ಸೀರೆಯ ಸೆರಗಿನಿಂದಲೇ ಸೀಟು ಒರೆಸಿದರು.

“ಗುಜರಿಗೆ ಹಾಕುವುದಿಲ್ಲ ತಾನೇ ಮಗಾ?”

“ಇಲ್ಲ ಬಾಯಮ್ಮ, ಇನ್ನೊಂದು ಮನೆಯ ಮಗುವಿಗೇ ಹೋಗುತ್ತದೆ.”

ನಾನು ಹೇಳಿದ ಬೆಲೆಗೆ ಅವರು ಮರುಮಾತಾಡಲಿಲ್ಲ. ಮತ್ತೆ ಒಳಗೆ ಹೋಗಿ ಸೈಕಲಿನ ಬೆಲ್ಲು ಹುಡುಕಿ ತಂದುಕೊಟ್ಟರು.

3. ಇಲ್ಲದ ತುಂಡೇ ಬೆಲೆ ಹೇಳುತ್ತದೆ. 60 ತುಂಡಿನ ಪಜಲ್‌ನಲ್ಲಿ ಒಂದು ಇಲ್ಲದಿದ್ದರೆ ಅದಕ್ಕೆ ಬೆಲೆಯೇ ಇಲ್ಲ. ಕೇರಂ ಬೋರ್ಡಾದರೆ ಒಂಬತ್ತು ಕಪ್ಪು, ಒಂಬತ್ತು ಬಿಳಿ, ಒಂದು ಕೆಂಪು, ಮೇಲೆ ಸ್ಟ್ರೈಕರ್. ಒಂದು ಗೆರಸೆಯನ್ನು ಯಾವಾಗಲೂ ಸ್ಕೂಟರಿನಲ್ಲಿ ಇಟ್ಟುಕೊಂಡಿರುತ್ತೇನೆ. ಕೊಡುವವರ ಜಗಲಿಯಲ್ಲೇ ಸುರಿದು, ಅವರೆದುರೇ ಎಣಿಸಿ, ಆಮೇಲೆ ಬೆಲೆ. ಲೆಗೋ ಮಾತ್ರ ಬೇರೆ. 1958ರಿಂದ ಅದರ ಇಟ್ಟಿಗೆಗಳ ಅಳತೆ ಬದಲಾಗಿಲ್ಲ, ಯಾವ ಕಾಲದ್ದೂ ಯಾವುದಕ್ಕೂ ಕೂರುತ್ತದೆ. ಹಾಗಾಗಿ ಕಲಸಿಹೋದದ್ದನ್ನೂ ಬಣ್ಣ ಬೇರ್ಪಡಿಸಿ ತೂಕಕ್ಕೆ ಮಾರಬಹುದು. ಮುರಿದ ಅಡುಗೆ ಸೆಟ್ಟುಗಳನ್ನು ಬಿಡಿಭಾಗಕ್ಕೆಂದೇ ಕೊಳ್ಳುತ್ತೇನೆ. ಮೂರರಿಂದ ಎರಡು ಪೂರ್ತಿ ಸೆಟ್ಟು ಏಳುತ್ತವೆ.

4. ನಮ್ಮ ಮಳೆಯನ್ನು ಲೆಕ್ಕಕ್ಕೆ ಹಿಡಿಯದವನು ಈ ವ್ಯಾಪಾರ ಮಾಡಬಾರದು. ಸೆಲ್ ಹಾಕಿಟ್ಟು ಮರೆತ ಆಟಿಕೆಯ ಮುಚ್ಚಳ ತೆಗೆದರೆ ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟಿರುತ್ತದೆ. ಹಳೆ ಟೂತ್‌ಬ್ರಶ್ಶಿಗೆ ನಾಲ್ಕು ಹನಿ ಲಿಂಬೆರಸ ಹಾಕಿ ತಿಕ್ಕಿ, ಒರೆಸಿ, ಚೆನ್ನಾಗಿ ಒಣಗಿಸಿದರೆ ಹೆಚ್ಚಿನವು ಮತ್ತೆ ಹಾಡುತ್ತವೆ. ಬಟ್ಟೆಯ ಗೊಂಬೆ ಮಳೆಗಾಲದಲ್ಲಿ ತೊಳೆದರೆ ಒಳಗಿನ ಹತ್ತಿ ಒಣಗುವುದೇ ಇಲ್ಲ. ನೆರೆಮನೆಯವರು ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಸಿ ಕಟ್ಟಿದ ಗೂಡು ಆ ತಿಂಗಳುಗಳಲ್ಲಿ ಖಾಲಿ ಇರುತ್ತದೆ. ಬಿಸಿಲು ಕಂಡ ದಿನ ಅಲ್ಲಿ ನೇತುಹಾಕುತ್ತೇನೆ.

ಮಳೆಯ ಈ ಲೆಕ್ಕ ಕಲಿತದ್ದು ನಷ್ಟದಿಂದ. 2019ರ ಆಗಸ್ಟಿನಲ್ಲಿ ಮೃತ್ಯುಂಜಯ ಹೊಳೆ ಉಕ್ಕಿ, ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಕಡೆ ಮನೆ ತೋಟಗಳಿಗೆಲ್ಲ ನೀರು ನುಗ್ಗಿತ್ತು. ಮರುತಿಂಗಳು ಒಬ್ಬರು ‘ಅಟ್ಟದ್ದು’ ಎಂದು ಎರಡು ಗೋಣಿ ಗೊಂಬೆ ಕೊಟ್ಟರು. ಅಗ್ಗ ಎಂದು ಕೊಂಡೆ. ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಕೊನೆಗೆ ಒಂದು ಕರಡಿಯ ಬೆನ್ನಿನ ಹೊಲಿಗೆ ಕತ್ತರಿಸಿದೆ. ಒಳಗಿನ ಹತ್ತಿ ಕಪ್ಪಾಗಿ ಮುದ್ದೆಯಾಗಿತ್ತು, ಕತ್ತರಿಯ ಮೊನೆಗೆ ಹೊಳೆಯ ಕೆಸರು ಅಂಟಿ ಬಂತು. ಎರಡೂ ಗೋಣಿ ಎಸೆದೆ. ಆ ಕರಡಿಯನ್ನು ತಬ್ಬಿಕೊಂಡು ಮಲಗುವ ಮಗುವನ್ನು ನೆನೆದರೆ ಇವತ್ತಿಗೂ ಮೈ ಜುಂ ಎನ್ನುತ್ತದೆ. ಈಗ ಯಾವ ಬಟ್ಟೆ ಗೊಂಬೆಯಾದರೂ ಒಂದು ಇಂಚು ಹೊಲಿಗೆ ಬಿಚ್ಚಿ ನೋಡದೆ ಕೊಳ್ಳುವುದಿಲ್ಲ.

5. ಮಗುವಿನ ಗಂಟಲಿಗಿಂತ ದೊಡ್ಡ ಲಾಭವಿಲ್ಲ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಚಿಕ್ಕ ಭಾಗಗಳನ್ನು ಪರೀಕ್ಷಿಸುವ ಕೊಳವೆಯ ಅಗಲ 31.7 ಮಿಲಿಮೀಟರ್. ಕ್ಯಾಮರಾದ ಹಳೆ ಫಿಲ್ಮ್ ರೋಲಿನ ಡಬ್ಬಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನನ್ನ ಜೇಬಿನಲ್ಲಿ ಒಂದು ಸದಾ ಇದೆ. ಅದರೊಳಗೆ ಹೋಗುವ ಚಕ್ರ, ಕಣ್ಣು, ಗುಂಡಿ ಯಾವುದೂ ಚಿಕ್ಕ ಮಕ್ಕಳಿಗಿಲ್ಲ. ಬಟನ್ ಸೆಲ್ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದ್ದನ್ನು, ಆಯಸ್ಕಾಂತ ಸಡಿಲವಾದದ್ದನ್ನು ಯಾರೆಷ್ಟು ಕೊಡುತ್ತೇನೆಂದರೂ ಮಾರುವುದಿಲ್ಲ. 2021ರ ಜನವರಿ 1ರಿಂದ ನಮ್ಮಲ್ಲಿ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕೈಗೆತ್ತಿಕೊಂಡಾಗ ಮೊದಲು ಹುಡುಕುವುದು ಅದನ್ನೇ. ಬಣ್ಣ ಎದ್ದ ಹಳೆಯ ಆಟಿಕೆಯಲ್ಲಿ ಸೀಸ ಇರಬಹುದು, ಅದೂ ಬೇಡ.

6. ಚನ್ನಪಟ್ಟಣದ್ದು ಸಿಕ್ಕಿದರೆ ನೀರಿನಲ್ಲಿ ಅದ್ದಬೇಡಿ. ಹಾಲೆ ಮರ, ಮೇಲೆ ಅರಗಿನ ಬಣ್ಣ. ಒಣ ಬಟ್ಟೆ ಸಾಕು. ಅಲ್ಲಿನವರು ಹೊಳಪಿಗೆ ಕೇದಗೆ ಜಾತಿಯ ಗರಿ ಉಜ್ಜುತ್ತಾರೆ. ನಾನು ಅಷ್ಟಮಿಗೆ ಮೂಡೆ ಕಡುಬು ಕಟ್ಟಿ ಉಳಿದ ಅಂಥದೇ ಓಲಿಯಿಂದ ಉಜ್ಜುತ್ತೇನೆ, ಮಾಸಿದ ಬುಗುರಿಗೂ ಕಳೆ ಬರುತ್ತದೆ.

7. ತಳದಲ್ಲಿ ‘ಲಿಯೋ’ ಎಂದಿರುವ ಹಳೆಯ ಹಾಟ್‌ವೀಲ್ಸ್ ಕಾರಿಗೆ ಹೊಸ ಬಣ್ಣ ಬಳಿಯಬೇಡಿ. ಅದನ್ನು ಕೊಳ್ಳುವವರು ದೊಡ್ಡವರು, ಸಂಗ್ರಹಕ್ಕೆ. ಅವರಿಗೆ ಹಳೆಯ ಗೀರೇ ಬೇಕು.

8. ಜಾತ್ರೆಗೆ ಒಯ್ಯಬೇಡಿ. ಒಮ್ಮೆ ಒಯ್ದು ಕೂತಿದ್ದೆ. ಜಾತ್ರೆಯ ದಿನ ಮಗುವಿಗೆ ಹೊಸ ಪೀಪಿ, ಹೊಸ ಬಲೂನೇ ಬೇಕು; ಹಳೆಯದು ಕೊಡಿಸಲು ಅಮ್ಮನಿಗೂ ಮನಸ್ಸು ಬಾರದು. ನನಗೆ ಗಿರಾಕಿಗಳು ವಾಟ್ಸ್ಆ್ಯಪ್ ಸ್ಟೇಟಸ್ಸಿನಿಂದ, ಅಂಗನವಾಡಿ ಟೀಚರುಗಳಿಂದ, ಮಕ್ಕಳ ಡಾಕ್ಟರರ ಕ್ಲಿನಿಕ್ಕುಗಳಿಂದ. ಮೊದಲ ಫೋಟೋದಲ್ಲೇ ಒಡಕು ಕಾಣಿಸಬೇಕು. ಒಡಕು ನೋಡಿಯೇ ಬಂದವರು ಚೌಕಾಸಿ ಮಾಡುವುದು ಕಡಿಮೆ.

9. ಬೆಲೆ ಹೊಸದರ ಮೂರನೇ ಒಂದು ಭಾಗ, ಹೆಚ್ಚೆಂದರೆ ಅರ್ಧ. 150ಕ್ಕೆ ಕೊಂಡ ಕಾರಿಗೆ ಸೆಲ್, ಸೋಪು, ಪೆಟ್ರೋಲ್ ಸೇರಿ 60 ಖರ್ಚು. 400ಕ್ಕೆ ಹೋದರೆ ಸಂತೋಷ. ವಿದೇಶದ ಆಟಿಕೆಗೆ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಗಲ್ಫಿನಿಂದ ಬಂದ ಒಳ್ಳೆಯ ಮಾಲಿಗೆ ಬೇಡಿಕೆ ಹೆಚ್ಚಲು ಅದೂ ಒಂದು ಕಾರಣ. ಬೆಲೆ ಇಳಿಸುವ ಬದಲು ಒಂದು ಜೊತೆ ಹೊಸ ಸೆಲ್ ಹಾಕಿಕೊಡುತ್ತೇನೆ. ಕೊಂಡದ್ದು, ಮಾರಿದ್ದು ಎರಡನ್ನೂ ಆ ದಿನವೇ ಪುಸ್ತಕದಲ್ಲಿ ಬರೆಯಿರಿ.

10. ಕೊಡುವುದು ದೊಡ್ಡವರಾದರೂ ಮಗುವನ್ನು ಕೇಳಿ. ಹೋದ ವರ್ಷ ಗುರುವಾಯನಕೆರೆ ಹತ್ತಿರದ ಮನೆಯೊಂದರಲ್ಲಿ ಆರೇಳು ವರ್ಷದ ಹುಡುಗಿ ತನ್ನ ಅಡುಗೆ ಸೆಟ್ಟನ್ನು ತಾನೇ ಗೆರಸೆಗೆ ಸುರಿದಳು. ಎಣಿಸುವಾಗ ಒಂದು ಕಮ್ಮಿ. ನೋಡಿದರೆ ಅಂಗೈಯಷ್ಟಗಲದ ದೋಸೆ ಕಾವಲಿ ಅವಳ ಬೆನ್ನ ಹಿಂದಿನ ಕೈಯಲ್ಲಿತ್ತು. ಅವಳ ಅಮ್ಮ ಗದರಲು ಹೊರಟರು. “ಇರಲಿ ಬಿಡಿ ಅಕ್ಕ” ಎಂದೆ. ಆ ಸೆಟ್ಟಿನ ಫೋಟೋದ ಕೆಳಗೆ ‘ಕಾವಲಿ ಇಲ್ಲ’ ಎಂದು ಬರೆದು 50 ರೂಪಾಯಿ ಕಡಿಮೆಗೆ ಮಾರಿದೆ.