ಆಡಿದ ಮಾತಿನ ಹೊಣೆ: ಪೇತ್ರನ ಪ್ರಸಂಗದ ಒಂದು ಓದು

ಬಾಯಿಂದ ಹೊರಟ ಮಾತಿಗೆ ಹೊಣೆ ಯಾರು? ಸಿಟ್ಟಿನಲ್ಲಿ ಆಡಿದೆ, ಭಯದಿಂದ ಆಡಿದೆ, ಎಲ್ಲರೂ ಆಡಿದರೆಂದು ನಾನೂ ಆಡಿದೆ ಎಂಬ ಸಮಜಾಯಿಷಿಗಳು ಎಲ್ಲ ಸಮಾಜಗಳಲ್ಲಿಯೂ ಉಂಟು. ಕ್ರೈಸ್ತ ನೀತಿಚಿಂತನೆಯು ಇವುಗಳನ್ನು ಉತ್ತರವೆಂದು ಒಪ್ಪುವುದಿಲ್ಲ. ಅದು ಏಕೆ ಹಾಗೆ ಎಂಬುದನ್ನು ತಿಳಿಯಲು ಮತ್ತಾಯನ ಸುವಾರ್ತೆಯ 5, 12 ಮತ್ತು 26ನೆಯ ಅಧ್ಯಾಯಗಳನ್ನು ಒಟ್ಟಿಗೆ ಇಟ್ಟು ಓದಬೇಕು.

ಐದನೆಯ ಅಧ್ಯಾಯದಲ್ಲಿ ಯೇಸುವು ಆಣೆಯಿಡುವುದನ್ನೇ ನಿಷೇಧಿಸುತ್ತಾನೆ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಷ್ಟೇ ಹೇಳಬೇಕೆನ್ನುತ್ತಾನೆ. ಇದರ ಹಿಂದಿನ ತರ್ಕ ಸೂಕ್ಷ್ಮವಾದುದು. ಆಣೆಯಿಟ್ಟಾಗ ಮಾತ್ರ ಸತ್ಯ ಹೇಳಬೇಕೆಂದಾದರೆ, ಆಣೆಯಿಲ್ಲದ ಮಾತಿಗೆ ಸತ್ಯದ ಕಟ್ಟುಪಾಡಿಲ್ಲವೆಂದು ಒಪ್ಪಿಕೊಂಡಂತಾಗುತ್ತದೆ. ಹನ್ನೆರಡನೆಯ ಅಧ್ಯಾಯವು ಇನ್ನೂ ಮುಂದೆ ಹೋಗಿ, ವ್ಯರ್ಥವಾಗಿ ಆಡಿದ ಒಂದೊಂದು ಮಾತಿಗೂ ನ್ಯಾಯತೀರ್ಪಿನ ದಿನ ಲೆಕ್ಕ ಕೊಡಬೇಕೆಂದು ಸಾರುತ್ತದೆ. ಇಲ್ಲಿ 'ವ್ಯರ್ಥ' ಎಂಬಲ್ಲಿ ಗ್ರೀಕ್ ಮೂಲದಲ್ಲಿರುವ 'ಆರ್ಗೊಸ್' ಶಬ್ದಕ್ಕೆ 'ಕೆಲಸವಿಲ್ಲದ' ಎಂದರ್ಥ. ಇದೇ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ, ಪೇಟೆಯಲ್ಲಿ ಕೆಲಸವಿಲ್ಲದೆ ನಿಂತ ಕೂಲಿಯಾಳುಗಳಿಗೂ ಅದೇ ಶಬ್ದವಿದೆ. ಆದುದರಿಂದ ವ್ಯರ್ಥವಾದ ಮಾತೆಂದರೆ ಕೇವಲ ಹರಟೆಯಲ್ಲ. ಮಾಡಬೇಕಾದ ಕೆಲಸವನ್ನು ಮಾಡದ ಮಾತು ಎಂದೂ ಗ್ರಹಿಸಬಹುದು.

ಈ ಎರಡು ಬೋಧನೆಗಳನ್ನೂ ಕೇಳಿದ ಶಿಷ್ಯನೊಬ್ಬನ ನಾಲಗೆಯ ಪರೀಕ್ಷೆ 26ನೆಯ ಅಧ್ಯಾಯದಲ್ಲಿ ನಡೆಯುತ್ತದೆ. ಉಳಿದವರೆಲ್ಲ ಹಿಂಜರಿದರೂ ತಾನು ಹಿಂಜರಿಯೆನು, ಸಾಯಬೇಕಾದರೂ ನಿರಾಕರಿಸೆನು ಎಂದು ಪೇತ್ರನು ನುಡಿದಿದ್ದನು. ಅದೇ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಆತನ ಮಾತು ಮೂರು ಮೆಟ್ಟಿಲು ಇಳಿಯುತ್ತದೆ. ಮೊದಲು, ನೀನು ಹೇಳುವುದು ನನಗೆ ತಿಳಿಯದು ಎಂಬ ನುಣುಚು ಮಾತು. ಎರಡನೆಯ ಸಲ ಆಣೆಯಿಟ್ಟು ನಿರಾಕರಣೆ. ಮೂರನೆಯ ಸಲ ಶಪಿಸಿಕೊಂಡು ಆಣೆ. ಬೇಡವೆಂದು ಕಲಿತ ಆಣೆಯೇ ಸುಳ್ಳಿಗೆ ಊರುಗೋಲಾಯಿತು.

ಗಡಿನಾಡಿನ ನಮಗೆ ಇಲ್ಲಿ ವಿಶೇಷವಾಗಿ ಕಾಣುವ ಒಂದು ವಿವರವಿದೆ. ಪೇತ್ರನನ್ನು ಗುರುತಿಸಲು ನೆರವಾದುದು ಆತನ ಗಲಿಲಾಯದ ಆಡುನುಡಿಯ ಧಾಟಿ. ಬೆಂಗಳೂರಿನಲ್ಲಿ ಬಾಯಿ ತೆರೆದೊಡನೆ ಯಾವ ಸೀಮೆಯವರೆಂದು ಗುರುತಿಸಲ್ಪಡುವ ನಮಗೆ ಇದು ಅಪರಿಚಿತವಲ್ಲ. ಆತನ ವಾಕ್ಯ ಸುಳ್ಳು ಹೇಳುತ್ತಿದ್ದಾಗ ಆತನ ಉಚ್ಚಾರಣೆ ನಿಜ ಹೇಳುತ್ತಿತ್ತು. ಧಾಟಿಯು ಹುಟ್ಟಿನಿಂದ ಬಂದುದು, ಅದಕ್ಕೆ ಯಾರೂ ಹೊಣೆಯಲ್ಲ. ವಾಕ್ಯವು ಆಯ್ದುಕೊಂಡದ್ದು, ಅದಕ್ಕೆ ಆಡಿದವನೇ ಹೊಣೆ.

ಕೋಳಿ ಕೂಗಿದಾಗ ಪೇತ್ರನಿಗೆ ನೆಪಗಳ ಕೊರತೆಯಿರಲಿಲ್ಲ. ಪ್ರಾಣಭಯವಿತ್ತು, ಇತರ ಶಿಷ್ಯರೂ ಅದೇ ಪ್ರತಿಜ್ಞೆ ಮಾಡಿ ಓಡಿಹೋಗಿದ್ದರು, ಪ್ರಶ್ನಿಸಿದವಳು ದಾಸಿ, ನ್ಯಾಯಾಧಿಪತಿಯಲ್ಲ. ಇವುಗಳಲ್ಲಿ ಒಂದನ್ನೂ ಆತನು ಎತ್ತಿ ಹೇಳಿದಂತೆ ಸುವಾರ್ತೆಯಲ್ಲಿಲ್ಲ. ಹೊರಗೆ ಹೋಗಿ ಬಹಳವಾಗಿ ಅತ್ತನೆಂದಷ್ಟೇ ಇದೆ. ಆ ಬಳಿಕ ಮತ್ತಾಯನು ಪೇತ್ರನ ಹೆಸರನ್ನು ಮತ್ತೆ ಎತ್ತುವುದಿಲ್ಲ.

ಈ ಕಥೆಯ ಮುಂದಿನ ಭಾಗ ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿದೆ. ಯೋಹಾನನ ನಿರೂಪಣೆಯಲ್ಲಿ ನಿರಾಕರಣೆ ನಡೆದುದೂ ಇದ್ದಲಿನ ಬೆಂಕಿಯ ಬಳಿ, ಪುನರುತ್ಥಾನದ ಅನಂತರ ದಡದಲ್ಲಿ ಭೇಟಿಯಾದುದೂ ಇದ್ದಲಿನ ಬೆಂಕಿಯ ಬಳಿ. ನನ್ನನ್ನು ಪ್ರೀತಿಸುತ್ತೀಯೋ ಎಂಬ ಪ್ರಶ್ನೆ ಮೂರು ಬಾರಿ ಬರುತ್ತದೆ. ಮೊದಲನೆಯ ಸಲ, ಇವರಿಗಿಂತ ಹೆಚ್ಚಾಗಿಯೋ ಎಂದೂ ಕೇಳಲಾಗಿದೆ. ಪೇತ್ರನು ಪ್ರೀತಿಯನ್ನು ಒಪ್ಪುತ್ತಾನೆ, ಹೋಲಿಕೆಯನ್ನು ಮುಟ್ಟುವುದಿಲ್ಲ. ಹಿಂದೆ 'ಉಳಿದವರೆಲ್ಲ' ಎಂದು ಆರಂಭವಾಗಿದ್ದ ಮಾತು ಈಗ ಪೇತ್ರನೊಬ್ಬನ ಮಾತಾಗಿದೆ. ಆಣೆಯೂ ಇಲ್ಲ. ಪ್ರತಿ ಉತ್ತರಕ್ಕೂ ಕುರಿಗಳನ್ನು ಮೇಯಿಸುವ ಕೆಲಸವೊಂದು ಸೇರುತ್ತದೆ. ಅಂದರೆ ಮಾತಿಗೆ ಅದರ ಕೆಲಸ ಮರಳಿ ದೊರೆಯುತ್ತದೆ.

ನುಡಿ-ನಡೆಗಳ ಐಕ್ಯವನ್ನು ವಚನಸಾಹಿತ್ಯದಲ್ಲಿ ಓದಿರುವ ವಿದ್ಯಾರ್ಥಿಗಳಿಗೆ ಈ ಪ್ರಸಂಗ ಒಳ್ಳೆಯ ತೌಲನಿಕ ಪಠ್ಯ. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬ ನಮ್ಮ ಗಾದೆಯು ಮಾತನ್ನು ಆಡುವ ಮೊದಲಿನ ಎಚ್ಚರವನ್ನು ಕಲಿಸುತ್ತದೆ. ಪೇತ್ರನ ಕಥೆಯು ಅದರ ಮುಂದಿನ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ: ಒಡೆದ ಮೇಲೆ ಮಾಡಬೇಕಾದುದೇನು? ಆಡಿದ್ದು ನಾನೇ ಎಂದು ಒಪ್ಪುವುದು, ಮತ್ತೆ ಕೇಳಿದಾಗ ಸರಳವಾಗಿ ಉತ್ತರಿಸುವುದು, ಆ ಉತ್ತರಕ್ಕೆ ತಕ್ಕ ಕೆಲಸಕ್ಕೆ ಕೈಹಾಕುವುದು.