ನಡುಗಿದ್ದು ಸ್ಟಿಯರಿಂಗ್, ಸಡಿಲವಾಗಿದ್ದು ಬೇರೆ

ಬೇಲೂರು ದಾಟಿ ಹಾಸನದ ದಾರಿ ಹಿಡಿದಿದ್ದೆವು. ಅಮ್ಮನ ಕಣ್ಣಿನ ಪೊರೆ ತೋರಿಸಲು ಹೊರಟದ್ದು. ಜಿಪ್ಸಿ 65ರ ವೇಗದಲ್ಲಿತ್ತು. ಒಂದು ಸಣ್ಣ ಸೇತುವೆ ಶುರುವಾಗುವಲ್ಲಿ, ಕಾಂಕ್ರೀಟಿಗೂ ಡಾಂಬರಿಗೂ ನಡುವೆ ಎದ್ದಿದ್ದ ಅಂಚಿಗೆ ಎಡಗಡೆಯ ಮುಂದಿನ ಗಾಲಿ ಬಡಿಯಿತು. ಮರುಕ್ಷಣವೇ ಸ್ಟಿಯರಿಂಗ್ ನನ್ನ ಕೈಯೊಳಗೆ ಬಡಿದುಕೊಳ್ಳತೊಡಗಿತು. ಡ್ಯಾಶ್‌ಬೋರ್ಡ್, ಕನ್ನಡಿ, ಬಾನೆಟ್ ಎಲ್ಲವೂ ಒಟ್ಟಿಗೆ ಅದುರಿದವು. ಮುಂದಿನ ಎರಡೂ ಗಾಲಿಗಳು ಎಡಕ್ಕೂ ಬಲಕ್ಕೂ ಎಷ್ಟು ಬೇಗ ಹೊರಳುತ್ತಿದ್ದವೆಂದರೆ ಹಿಡಿದು ನಿಲ್ಲಿಸಲು ಕೈಯ ಬಲ ಸಾಲಲಿಲ್ಲ. ಅಮ್ಮ ಮಾತಾಡಲಿಲ್ಲ, ಮುಂದಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನು ಆಕ್ಸಿಲರೇಟರ್ ಬಿಟ್ಟು ನಿಧಾನವಾಗಿ ಬ್ರೇಕ್ ಒತ್ತಿದೆ. ವೇಗ ಮೂವತ್ತಕ್ಕೆ ಇಳಿದಾಗ ನಡುಕ ತಾನಾಗಿ ನಿಂತಿತು. ಏನೂ ಆಗಿಯೇ ಇಲ್ಲವೆಂಬಂತೆ ಗಾಡಿ ನೆಟ್ಟಗೆ ಹೋಗುತ್ತಿತ್ತು.

ಆಸ್ಪತ್ರೆಯ ಪಡಸಾಲೆಯಲ್ಲಿ ಕೂತಿದ್ದಾಗ ಒಬ್ಬರು ಖಾಲಿ ಸ್ಟ್ರೆಚರ್ ತಳ್ಳಿಕೊಂಡು ಬಂದರು. ಅದರ ಮುಂದಿನ ಚಿಕ್ಕ ಗಾಲಿಯೊಂದು ಬಡಬಡನೆ ಅತ್ತಿತ್ತ ಹೊರಳುತ್ತಿತ್ತು. ಅವರು ನಡಿಗೆ ನಿಧಾನ ಮಾಡಿದ ಕೂಡಲೇ ಸರಿಯಾಯಿತು. ನನ್ನ ಗಾಡಿಯಲ್ಲಿ ಆದದ್ದೂ ಇದೇ ಎಂದು ಅಲ್ಲೇ ಹೊಳೆಯಿತು. ಆದರೆ ಅದರ ಅರ್ಥ ತಿಳಿಯಲು ಇನ್ನೂ ಏಳು ತಿಂಗಳು ಬೇಕಾಯಿತು. ಆ ಏಳು ತಿಂಗಳಲ್ಲಿ ನಾನು ಬದಲಾಯಿಸಿದ ಭಾಗಗಳಲ್ಲಿ ಅರ್ಧಕ್ಕರ್ಧ ಚೆನ್ನಾಗಿಯೇ ಇದ್ದವು.

ಗಾಡಿ 1998ರ ಜಿಪ್ಸಿ ಕಿಂಗ್. ಮೂಡಿಗೆರೆ ಸುತ್ತಮುತ್ತಲ ತೋಟಗಳಲ್ಲಿ ಇದರ ಪರಿಚಯ ಇಲ್ಲದವರಿಲ್ಲ. 1985ರಲ್ಲಿ ಒಂದು ಲೀಟರಿಗೂ ಕಡಿಮೆ ಎಂಜಿನ್ನಿನೊಂದಿಗೆ ಬಂದ ಜಿಪ್ಸಿಗೆ 1996ರಲ್ಲಿ 1.3 ಲೀಟರಿನ ಎಂಜಿನ್ ಬಂದು ಅದು ಕಿಂಗ್ ಆಯಿತು. ಆದರೆ ಕೆಳಗಿನ ಎಲುಬಿನ ಗೂಡು ಹಳೆಯದೇ: ಮುಂದೆಯೂ ಹಿಂದೆಯೂ ಒಂದೇ ತುಂಡಿನ ಗಟ್ಟಿ ಆಕ್ಸಲ್, ನಾಲ್ಕೂ ಮೂಲೆಗೆ ಪ್ಲೇಟ್ ಸ್ಪ್ರಿಂಗ್. ಮಳೆಗಾಲದಲ್ಲಿ ತೋಟದ ಕೆಸರಿನಲ್ಲಿ ಗೊಬ್ಬರದ ಮೂಟೆ ಹೊತ್ತು ಏರುವ ಗಾಡಿಗೆ ಇದಕ್ಕಿಂತ ಒಳ್ಳೆಯ ರಚನೆ ಇಲ್ಲ ಎಂದು ನಾನು ಇವತ್ತಿಗೂ ನಂಬುತ್ತೇನೆ. ಆದರೆ ಗಟ್ಟಿ ಆಕ್ಸಲ್ಲಿನಲ್ಲಿ ಎರಡು ಗಾಲಿಗಳೂ ಒಂದೇ ಟೈರಾಡಿಗೆ ಕಟ್ಟಿಕೊಂಡಿರುತ್ತವೆ. ಒಂದಕ್ಕೆ ಪೆಟ್ಟು ಬಿದ್ದರೆ ಇನ್ನೊಂದೂ ಕುಣಿಯುತ್ತದೆ.

ಮೊದಲು ಹೋದದ್ದು ಪೇಟೆಯ ಒಂದು ಗ್ಯಾರೇಜಿಗೆ. ವೀಲ್ ಬ್ಯಾಲೆನ್ಸ್ ಮಾಡಿದರು, ಸ್ಟಿಯರಿಂಗ್ ಡ್ಯಾಂಪರ್ ಹೊಸದು ಹಾಕಿದರು. ಮೂರು ವಾರ ಗಾಡಿ ಬೆಣ್ಣೆಯ ಹಾಗೆ ಓಡಿತು. ನಾಲ್ಕನೆಯ ವಾರ ಗೋಣಿಬೀಡಿನ ದಾರಿಯಲ್ಲಿ ಅದೇ ನಡುಕ. ಎರಡನೆಯ ಸಲ ನಾಲ್ಕೂ ಟೈರಾಡ್ ಎಂಡ್ ಬದಲಾದವು. ಮೂರನೆಯ ಸಲ ಸ್ಟಿಯರಿಂಗ್ ಬಾಕ್ಸಿನ ಮೇಲಿನ ಸ್ಕ್ರೂ ಬಿಗಿದರು. ಆಮೇಲೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ತಿರುವಿನಲ್ಲಿ ತಿರುಗಿಸಿದ ಸ್ಟಿಯರಿಂಗ್ ಮರಳಿ ನೆಟ್ಟಗಾಗಲೇ ಇಲ್ಲ. ಕೈಯಿಂದ ಎಳೆದು ತರಬೇಕಾಯಿತು. ಘಾಟಿಯಲ್ಲಿ ಇದು ನಡುಕಕ್ಕಿಂತ ಅಪಾಯ. ಆ ಸ್ಕ್ರೂ ಇರುವುದು ಬಾಕ್ಸಿನೊಳಗಿನ ಹಲ್ಲುಗಳ ಸವೆತಕ್ಕೆ. ಬೇರೆಲ್ಲೋ ಇರುವ ಸಡಿಲವನ್ನು ಅಲ್ಲಿ ಬಿಗಿದು ಸರಿಪಡಿಸಲಾಗದು. ಬಾಕ್ಸಿನ ಹಲ್ಲುಗಳು ಸ್ಟಿಯರಿಂಗ್ ನೆಟ್ಟಗಿರುವ ಜಾಗದಲ್ಲಿ ಎಲ್ಲಕ್ಕಿಂತ ಬಿಗಿಯಾಗಿ ಕೂರುತ್ತವೆ. ಅಲ್ಲಿ ಅತಿಯಾಗಿ ಬಿಗಿದರೆ ಸ್ಟಿಯರಿಂಗ್ ಕಚ್ಚಿಕೊಳ್ಳುತ್ತದೆ.

ಕೊನೆಗೆ ಸಕಲೇಶಪುರದ ಒಬ್ಬ ಹಿರಿಯ ಮೇಸ್ತ್ರಿ ಸಿಕ್ಕರು. ನಾನು ಬದಲಾಯಿಸಿದ ಸಾಮಾನುಗಳ ಪಟ್ಟಿ ಒಪ್ಪಿಸಿದೆ. ಅವರು ಅದನ್ನು ಪೂರ್ತಿ ಕೇಳಿ, "ನಡುಕ ಯಾವಾಗ ಬರುತ್ತೆ? ಇಂಥಾ ಸ್ಪೀಡಿಗೆ ಬರುತ್ತಾ, ಇಲ್ಲಾ ಗುಂಡಿಗೆ ಬಿದ್ದಾಗ ಬರುತ್ತಾ?" ಎಂದು ಕೇಳಿದರು. ಏಳು ತಿಂಗಳಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಬ್ಯಾಲೆನ್ಸ್ ತಪ್ಪಿದ ಗಾಲಿ ಒಂದು ವೇಗಕ್ಕೆ ಬಂದಾಗ ಸಣ್ಣಗೆ ನಡುಗುತ್ತದೆ, ಆ ವೇಗ ದಾಟಿದರೆ ಕಡಿಮೆಯಾಗುತ್ತದೆ. ಅದಕ್ಕೆ ಗುಂಡಿ ಬೇಕಿಲ್ಲ. ನನ್ನದು ಹಾಗಲ್ಲ. ಒಂದು ಪೆಟ್ಟು ಬಿದ್ದರೆ ಶುರುವಾಗಿ, ತಾನೇ ಬೆಳೆದು, ಗಾಡಿ ನಿಧಾನವಾಗುವ ತನಕ ನಿಲ್ಲದ ನಡುಕ. ಗಾಡಿ ಮುಂದಕ್ಕೆ ಓಡುವ ಶಕ್ತಿಯನ್ನೇ ಕುಡಿದು ಅದು ಬೆಳೆಯುತ್ತದೆ. ಸ್ಟ್ರೆಚರಿನ ಗಾಲಿಯೂ ಅಷ್ಟೇ. ಎಲ್ಲೋ ಒಂದು ಕಡೆ ಸಡಿಲ ಇರಬೇಕು, ಜೊತೆಗೆ ಗಾಲಿ ತಾನಾಗಿ ನೆಟ್ಟಗಾಗುವ ಗುಣ ಕುಂದಿರಬೇಕು. ಡ್ಯಾಂಪರ್ ಆ ನಡುಕವನ್ನು ನುಂಗಿಕೊಳ್ಳುತ್ತದೆಯೇ ಹೊರತು ಸಡಿಲವನ್ನು ಮುಟ್ಟುವುದಿಲ್ಲ. ಹೊಸ ಡ್ಯಾಂಪರ್ ಹಾಕಿ "ಸರಿಹೋಯಿತು" ಎನ್ನುವುದು ಜ್ವರಕ್ಕೆ ಮಾತ್ರೆ ಕೊಟ್ಟು ಹುಣ್ಣನ್ನು ಬಿಟ್ಟ ಹಾಗೆ. ಆ ಮೂರು ವಾರ ಅಮ್ಮನನ್ನೂ ಮಕ್ಕಳನ್ನೂ ನಿಶ್ಚಿಂತೆಯಿಂದ ಅದೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿದ್ದನ್ನು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ.

ಮೇಸ್ತ್ರಿ ಜಾಕ್ ತೆಗೆಯಲಿಲ್ಲ. "ಗಾಡಿ ನೆಲದ ಮೇಲೇ ಇರಲಿ, ಭಾರ ಕೂತಿರಲಿ" ಎಂದರು. ಎಂಜಿನ್ ಆಫ್. ನಾನು ಒಳಗೆ ಕೂತು ಸ್ಟಿಯರಿಂಗನ್ನು ಗಡಿಯಾರದ ಹನ್ನೊಂದರಿಂದ ಒಂದರವರೆಗೆ, ಅಷ್ಟೇ ಅಷ್ಟು, ಅತ್ತಿತ್ತ ಆಡಿಸುತ್ತಾ ಇದ್ದೆ. ಅವರು ಕೆಳಗೆ ಮಲಗಿ ಒಂದೊಂದು ಕೀಲಿನ ಮೇಲೂ ಅಂಗೈ ಇಟ್ಟರು. ಸ್ಟಿಯರಿಂಗ್ ಕೋಲಿನ ರಬ್ಬರ್ ಜೋಡಣೆ, ಬಾಕ್ಸನ್ನು ಚಾಸಿಗೆ ಬಿಗಿದ ಬೋಲ್ಟುಗಳು, ಪಿಟ್‌ಮನ್ ಆರ್ಮ್, ಡ್ರ್ಯಾಗ್ ಲಿಂಕ್, ಟೈರಾಡ್, ಹೀಗೆ ಕೈಯಿಂದ ಗಾಲಿಯವರೆಗೆ ಬಲ ಹೋಗುವ ದಾರಿಯಲ್ಲೇ ಹೋದರು. ಒಂದು ತುದಿ ಅಲುಗಿ ಇನ್ನೊಂದು ತುದಿ ತಡವಾಗಿ ಅಲುಗಿದರೆ ಆ ಕೀಲು ಹೋಗಿದೆ ಎಂದರ್ಥ. ಕಣ್ಣಿಗೆ ಕಾಣದ ಅರ್ಧ ಮಿ.ಮೀ. ಆಟ ಅಂಗೈಗೆ ತಿಳಿಯುತ್ತದೆ. ಬಾಕ್ಸಿನ ಬೋಲ್ಟುಗಳ ಸುತ್ತ ಚಾಸಿ ಬಿರುಕು ಬಿಟ್ಟಿದೆಯೇ ಎಂದು ಮಣ್ಣು ಕೆರೆದು ನೋಡಿದರು. ನಮ್ಮ ತೋಟದ ರಸ್ತೆಯಲ್ಲಿ ದುಡಿದ ಗಾಡಿಗಳಲ್ಲಿ ಇದನ್ನು ಬಿಡದೆ ನೋಡಲೇಬೇಕು ಎಂಬುದು ಅವರ ಪಟ್ಟು. ಇದ್ಯಾವುದರಲ್ಲೂ ದೋಷ ಸಿಗಲಿಲ್ಲ.

ಆಮೇಲೆ ಮುಂದಿನ ಗಾಲಿಯನ್ನು ಎತ್ತಿದರು. ಟೈರಿನ ನೆತ್ತಿಯಲ್ಲೊಂದು ಕೈ, ಬುಡದಲ್ಲೊಂದು ಕೈ ಇಟ್ಟು ಒಳಕ್ಕೂ ಹೊರಕ್ಕೂ ಅಲುಗಿಸಿದರು. ಎಡಗಾಲಿಯಲ್ಲಿ 'ಟಕ್' ಎಂಬ ಸದ್ದು. ವೀಲ್ ಬೇರಿಂಗ್ ಎಂದು ನಾನಂದುಕೊಂಡೆ. "ಬ್ರೇಕ್ ಒತ್ತಿ ಹಿಡ್ಕೊಳ್ಳಿ" ಎಂದರು. ಬ್ರೇಕ್ ಒತ್ತಿದರೂ ಆ ಸದ್ದು ಹೋಗಲಿಲ್ಲ. ಈ ಒಂದು ಪರೀಕ್ಷೆಗೇ ಅವರಿಗೆ ನಾನು ಜೀವನಪೂರ್ತಿ ಋಣಿ. ಬ್ರೇಕ್ ಹಿಡಿದಾಗ ಹಬ್ಬು, ಆಕ್ಸಲ್ ತುದಿಯಲ್ಲಿ ಗಾಲಿಯನ್ನು ಹೊತ್ತು ಹೊರಳುವ ನಕಲ್ಲಿಗೆ ಕಚ್ಚಿಕೊಳ್ಳುತ್ತದೆ, ವೀಲ್ ಬೇರಿಂಗಿನ ಆಟ ಮಾಯವಾಗುತ್ತದೆ. ಆಗಲೂ ಅಲುಗಾಟ ಉಳಿದರೆ ಅದು ನಕಲ್ ತಿರುಗುವ ಕೀಲಾದ ಕಿಂಗ್‌ಪಿನ್ನಿನದು.

ಬಿಚ್ಚಿದಾಗ ಕಂಡದ್ದನ್ನು ಮರೆಯಲಾರೆ. ಜಿಪ್ಸಿಯ ನಕಲ್ ಮೇಲೊಂದು ಕೆಳಗೊಂದು ಚಿಕ್ಕ ಟೇಪರ್ ಬೇರಿಂಗಿನ ಮೇಲೆ ತಿರುಗುತ್ತದೆ. ಒಳಗೆ ಗ್ರೀಸ್ ಇರಬೇಕಾದಲ್ಲಿ ಕಂದು ಬಣ್ಣದ ಗಂಜಿ ಇತ್ತು. ಆಕ್ಸಲ್ಲಿನ ಸೀಲ್ ಹೋಗಿ ಗೇರ್ ಎಣ್ಣೆ ನಕಲ್ಲಿಗೆ ಜಿನುಗಿ ಗ್ರೀಸನ್ನು ತೊಳೆದಿತ್ತು, ಹೊರಗಿನ ಸೀಲ್ ಹರಿದು ಹೊಳೆಯ ನೀರು ಸೇರಿತ್ತು. ಕೆಳಗಿನ ಬೇರಿಂಗಿನ ಬಟ್ಟಲಿನಲ್ಲಿ ಒಂದೊಂದು ರೋಲರಿಗೂ ಒಂದೊಂದು ಗೆರೆಯಂತೆ ತಗ್ಗು ಬಿದ್ದಿತ್ತು. ನೆಟ್ಟಗೆ ಓಡುವ ಗಾಡಿಯ ಈ ಬೇರಿಂಗ್ ಹೆಚ್ಚು ತಿರುಗುವುದೇ ಇಲ್ಲ, ಅಲ್ಲಲ್ಲೇ ಪೆಟ್ಟು ತಿನ್ನುತ್ತದೆ. ಬೆರಳಲ್ಲಿ ತಿರುಗಿಸಿದರೆ ನಡುವಿನಲ್ಲಿ ಕಟಕ್ ಎಂದು ಹಲ್ಲಿಗೆ ಕೂರುತ್ತಿತ್ತು. ಹೊಸ ಟೈರಾಡ್ ಎಂಡ್‌ಗಳು ಇದಕ್ಕೆ ಏನು ಮಾಡಿಯಾವು!

ಹೊಸ ಬೇರಿಂಗ್ ಹಾಕುವುದು ಅರ್ಧ ಕೆಲಸ. ಮೇಲಿನ ಕಿಂಗ್‌ಪಿನ್ನಿನ ಅಡಿಯಲ್ಲಿ ಕಾಗದದಷ್ಟು ತೆಳುವಾದ ಶಿಮ್‌ಗಳಿರುತ್ತವೆ. ಒಂದು ತೆಗೆದರೆ ಬಿಗಿ, ಒಂದು ಸೇರಿಸಿದರೆ ಸಡಿಲ. ಹೊರಗಿನ ಸೀಲ್ ಹಾಕುವ ಮೊದಲು, ಟೈರಾಡ್ ಬಿಚ್ಚಿಟ್ಟು, ನಕಲ್ಲಿನ ತೋಳಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದಾಗ 1 ರಿಂದ 1.8 ಕಿಲೋ ಎಳೆತಕ್ಕೆ ಅದು ತಿರುಗಬೇಕು. ಕಾಫಿ ಹಣ್ಣು ತೂಗುವ ನಮ್ಮ ತಕ್ಕಡಿ ಇಷ್ಟು ಸಣ್ಣ ತೂಕ ಹೇಳುವುದಿಲ್ಲ, ಮೀನಿನ ಅಂಗಡಿಯಿಂದ ಚಿಕ್ಕದೊಂದನ್ನು ಕೇಳಿ ತಂದೆ. ಮೂರು ಸಲ ಬಿಚ್ಚಿ ಹಾಕಿದ ಮೇಲೆ ಎರಡೂ ಕಡೆ ಒಂದೂವರೆ ಕಿಲೋಗೆ ಬಂತು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಸ್ಟಿಯರಿಂಗ್ ಬಾಕ್ಸನ್ನು ಮೊದಲಿನಂತೆ ಸಡಿಲಿಸಿದ ಮೇಲೂ ತಿರುವಿನ ನಂತರ ಗಾಡಿ ಸೋಮಾರಿಯಾಗಿ ನೆಟ್ಟಗಾಗುತ್ತಿತ್ತು. ಮೇಸ್ತ್ರಿ, ಪ್ಲೇಟಿನ ತುದಿಯನ್ನು ಚಾಸಿಗೆ ಜೋಡಿಸುವ ಮುಂದಿನ ಶಾಕಲ್‌ಗಳನ್ನು ತೋರಿಸಿದರು. ನನಗಿಂತ ಮೊದಲಿನ ಮಾಲೀಕರು ಗಾಡಿ ಎತ್ತರವಾಗಲಿ ಎಂದು ಎರಡು ಇಂಚು ಹೆಚ್ಚು ಉದ್ದದ ಶಾಕಲ್ ಹಾಕಿಸಿದ್ದರು. ಅದರಿಂದ ಗಾಡಿ ಏರುವುದು ಒಂದೇ ಇಂಚು. ಆದರೆ ಜಿಪ್ಸಿಯಲ್ಲಿ ಮುಂದಿನ ಪ್ಲೇಟಿನ ಶಾಕಲ್ ಇರುವುದು ಮುಂತುದಿಯಲ್ಲಿ. ಅದು ಉದ್ದವಾದರೆ ಪ್ಲೇಟಿನ ಮುಂತುದಿ ತಗ್ಗಿ, ಆಕ್ಸಲ್ಲಿನ ನೆತ್ತಿ ಮುಂದಕ್ಕೆ ವಾಲುತ್ತದೆ. ಸೈಕಲ್ಲಿನ ಮುಂದಿನ ಕವೆ ಹಿಂದಕ್ಕೆ ವಾಲಿರುವುದು ಕೈಬಿಟ್ಟು ಓಡಿಸಿದಾಗಲೂ ಅದು ನೆಟ್ಟಗೆ ಹೋಗಲು ನೆರವಾಗುತ್ತದಲ್ಲ, ಆ ವಾಲಿಕೆಗೆ ಕ್ಯಾಸ್ಟರ್ ಎನ್ನುತ್ತಾರೆ. ಜಿಪ್ಸಿಗೆ ಮೂರೂವರೆ ಡಿಗ್ರಿ ಇರಬೇಕು. ಹಾಸನದಲ್ಲಿ ಅಳೆಸಿದಾಗ ನನ್ನದರಲ್ಲಿ ಒಂದು ಡಿಗ್ರಿಯೂ ಇರಲಿಲ್ಲ. ಎತ್ತರ ಬೇಕೆನ್ನುವ ಹುಡುಗರಿಗೆ ನಾನು ಕೈಮುಗಿದು ಹೇಳುವುದು ಇದನ್ನೇ: ಮುಂದಿನ ಶಾಕಲ್ ಉದ್ದ ಮಾಡಬೇಡಿ. ಮೂಲ ಅಳತೆಯ ಶಾಕಲ್, ಹೊಸ ಬುಶ್ ಹಾಕಿಸಿದೆ. ಐನೂರು ಕಿ.ಮೀ. ಓಡಿದ ಮೇಲೆ ಯು-ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದೆ.

ಟೋ-ಇನ್, ಅಂದರೆ ಮುಂದಿನ ಗಾಲಿಗಳ ಮುಂಭಾಗ ಒಳಕ್ಕೆ ಓರೆಯಾಗಿರುವ ಅಳತೆ, ನಾನೇ ಅಳೆದೆ. ಗಾಲಿ ಎತ್ತಿ ತಿರುಗಿಸಿ ಟೈರಿನ ನಡುವೆ ಸೀಮೆಸುಣ್ಣದ ಗೆರೆ ಎಳೆದು, ಇಳಿಸಿ, ಮುಂದಿನ ಅಂತರ ಹಿಂದಿನದಕ್ಕಿಂತ ನಾಲ್ಕು ಮಿ.ಮೀ. ಕಡಿಮೆ ಬರುವ ಹಾಗೆ ಟೈರಾಡ್ ತಿರುಗಿಸಿದೆ. ಆ ದಿನ ಬೇಕೆಂದೇ ಡ್ಯಾಂಪರ್ ಬಿಚ್ಚಿಟ್ಟು, ಬೆಳಗಿನ ಖಾಲಿ ರಸ್ತೆಯಲ್ಲಿ ಒಬ್ಬನೇ ಹೊರಟೆ. ಮೊದಲು ನಲವತ್ತರಲ್ಲಿ, ಆಮೇಲೆ ಐವತ್ತರಲ್ಲಿ, ಕೊನೆಗೆ ಅರವತ್ತೈದರಲ್ಲಿ ಅದೇ ಸೇತುವೆಯ ಅಂಚು ಹತ್ತಿಸಿದೆ. ಒಂದು ಪೆಟ್ಟು ಕೈಗೆ ಬಂತು, ಅಲ್ಲೇ ಮುಗಿಯಿತು. ಡ್ಯಾಂಪರನ್ನು ಆಮೇಲೆ ಮತ್ತೆ ಹಾಕಿದೆ.

ಅದಾಗಿ ಎರಡು ವರ್ಷ. ಕಾಫಿ ಕೊಯ್ಲು ಮುಗಿದ ಮೇಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಮಗನನ್ನು ಸ್ಟಿಯರಿಂಗಿನಲ್ಲಿ ಕೂರಿಸಿ ನಾನು ಕೆಳಗೆ ಮಲಗುತ್ತೇನೆ. ಹೋದ ಭಾನುವಾರ ನೋಡಿದಾಗ ಬಲಗಡೆಯ ನಕಲ್ಲಿನ ಹಿಂಭಾಗ ಒದ್ದೆಯಾಗಿತ್ತು. ಮುಟ್ಟಿ ಮೂಸಿದರೆ ಗೇರ್ ಎಣ್ಣೆಯ ವಾಸನೆ. ಅಲುಗಾಟ ಇನ್ನೂ ಇಲ್ಲ. ಸೀಲ್ ತರಿಸಿಟ್ಟಿದ್ದೇನೆ, ಜೂನಿನ ಮಳೆ ಹಿಡಿಯುವ ಮೊದಲು ಬಿಚ್ಚಬೇಕು.